ಮೇಷ್ಟ್ರ ಡಾಬಾ ಎಷ್ಟು ಗಜ?

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಅವರ ನುಗ್ಗೆಮರ ಅರ್ಧ ನಮ್ಮ ಕಡೆಗೆ ಬಾಗಿದೆ, ನಮ್ಮ ಕರಿಬೇವು ಅರ್ಧ ಅವರ ಒಗ್ಗರಣೆಗೆ ಹೋಗುತ್ತದೆ. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟೆವು. ಕಾರ್ಕಳದ ಕಡೆಯಿಂದ ಬಂದ ನಾನು ತೆಲುಗು ಕಲಿತದ್ದೆಲ್ಲ ಈ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ. ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ನಿವೃತ್ತರಾದ ಮೇಲೂ ಲೆಕ್ಕ ಅವರನ್ನು ಬಿಟ್ಟಿಲ್ಲ. ಅವರೊಡನೆ ಮಾತಿಗೆ ನಿಂತರೆ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ.

ಮೊನ್ನೆ ಬೆಳಿಗ್ಗೆ ಬಟ್ಟೆ ಹರವಲು ತಾರಸಿಗೆ ಹೋಗಿದ್ದೆ. ಯಾರದೋ ಮನೆಯಲ್ಲಿ ಮಿಕ್ಸಿ ಬಿಡದೆ ತಿರುಗುತ್ತಿದೆ ಎಂದುಕೊಂಡೆ. ತಲೆ ಎತ್ತಿದರೆ ಮೇಷ್ಟ್ರ ಡಾಬಾದ ಮೇಲೆ, ತೆಂಗಿನಮರಕ್ಕಿಂತ ಎತ್ತರದಲ್ಲಿ, ನಾಲ್ಕು ರೆಕ್ಕೆಯ ಡ್ರೋನ್ ನಿಂತಿದೆ. ಕೆಳಗಿನಿಂದ ಮೇಷ್ಟ್ರು ಕೂಗಿದರು: "ಅಮ್ಮಾ, ಐದೇ ನಿಮಿಷ. ಡಾಬಾ ಅಳೆಯುತ್ತಿದ್ದಾರೆ. ನಿಮ್ಮ ಬಟ್ಟೆಯ ಫೋಟೊ ಬರುವುದು ಬೇಡ ಅಂತಿದ್ದರೆ ನಿಲ್ಲಿಸಲು ಹೇಳುತ್ತೇನೆ." ಅವರು ಹಾಗೆ ಕೇಳಿದ್ದು ನನಗೆ ಬಹಳ ಹಿಡಿಸಿತು. ಡ್ರೋನಿನ ಕಣ್ಣಿಗೆ ಕಾಂಪೌಂಡು ಗೋಡೆ ಕಾಣುವುದಿಲ್ಲ, ಒಂದು ಮನೆ ಅಳೆಯಲು ಹೊರಟರೆ ಅಕ್ಕಪಕ್ಕದ ನಾಲ್ಕು ಮನೆಯೂ ಚಿತ್ರದೊಳಗೆ ಬರುತ್ತವೆ. ಹಾರಿಸುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳುವುದು ನೆರೆಹೊರೆಯ ಮರ್ಯಾದೆ. ನಾನು ಬಟ್ಟೆ ತೆಗೆದು ಕೆಳಗೆ ಬಂದೆ. ಹಾರಿಸುತ್ತಿದ್ದ ಹುಡುಗ ಇಳಿಸಿದ ಮೇಲೆ ನನಗೂ ಪರದೆ ತೋರಿಸಿದ.

ಡಾಬಾ ಎಂದರೆ ಇಲ್ಲಿ ಊಟದ ಹೋಟೆಲಲ್ಲ, ತಾರಸಿಯ ಮನೆ. ಹಂಚಿನದಾದರೆ ಪೆಂಕುಟಿಲ್ಲು, ತಗಡು, ಸಿಮೆಂಟ್ ಶೀಟಿನದಾದರೆ ರೇಕುಲ ಇಲ್ಲು. ತಲೆಯ ಮೇಲೆ ಏನಿದೆ ಎಂಬುದರ ಮೇಲೆ ಮನೆಗೆ ಹೆಸರು. ಅಳತೆಯ ಮಾತೂ ಬೇರೆ. ಬೆಂಗಳೂರಿನವರು ಮೂವತ್ತು ನಲವತ್ತು ಸೈಟು ಎನ್ನುವಲ್ಲಿ ಇವರು ಗಜ ಎನ್ನುತ್ತಾರೆ. ಬಾಯಲ್ಲಿ ಹೇಳುವುದು ಗಜವಾದರೂ ಲೆಕ್ಕ ಚದರ ಗಜದ್ದು, ಒಂದಕ್ಕೆ ಒಂಬತ್ತು ಚದರಡಿ. ನೆಲ್ಲೂರು, ತಿರುಪತಿಯ ಕಡೆ ಹೋದರೆ ಅಂಕಣಂ. ನಮ್ಮ ಹಳೇ ಮನೆಗಳನ್ನು ಇಷ್ಟು ಅಂಕಣದ ಮನೆ ಎಂದು ಕಂಬ ಕಂಬದ ನಡುವಿನ ಜಾಗದಿಂದ ಹೇಳುತ್ತಿದ್ದರಲ್ಲ, ಅದೇ ಅಂಕಣ.

ಮೇಷ್ಟ್ರು ಅಳತೆಗೆ ಕೈಹಾಕಿದ್ದು ಸೋಲಾರಿಗಾಗಿ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು ನೂರು ಚದರಡಿ ಜಾಗ ಬೇಕು. ಮೂರು ಹಾಕಿಸಬೇಕೆಂದು ಅವರ ಆಸೆ. "ನಿಮ್ಮ ಡಾಬಾ ಚೌಕಟ್ಟಾಗಿದೆ, ಟೇಪು ಹಿಡಿದರೆ ಎರಡು ನಿಮಿಷದ ಕೆಲಸ, ಇದಕ್ಕೆ ಆಕಾಶದಿಂದ ಯಾಕೆ ಅಳೆಯಬೇಕು?" ಎಂದೆ.

ಟೇಪು ಅವರು ಆಗಲೇ ಹಿಡಿದಿದ್ದರು. ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 35 ಅಡಿ. 1,050 ಚದರಡಿ, ಅಂದರೆ 116 ಗಜ ಚಿಲ್ಲರೆ. ಆದರೆ ಟೇಪಿಗೆ ನೆರಳು ಗೊತ್ತಾಗುವುದಿಲ್ಲ. ದಕ್ಷಿಣಕ್ಕೆ ಹೊಸ ಅಪಾರ್ಟ್‌ಮೆಂಟು ಎದ್ದು ಇವರ ಡಾಬಾಕ್ಕಿಂತ 20 ಅಡಿ ಮೇಲೆ ನಿಂತಿದೆ. ವಿಜಯವಾಡ ಇರುವುದು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ನಡುಮಧ್ಯಾಹ್ನವೂ ಸೂರ್ಯ 50 ಡಿಗ್ರಿಗಿಂತ ಮೇಲೆ ಬರುವುದಿಲ್ಲ. ಆ ಕಟ್ಟಡದ ನೆರಳು ಆಗ 17 ಅಡಿ ಚಾಚುತ್ತದೆ. ಡಾಬಾದ ದಕ್ಷಿಣದ ಅರ್ಧ ಹಾಗೆಯೇ ಹೋಯಿತು. ಮೆಟ್ಟಿಲುಕೋಣೆ, ನೀರಿನ ಟ್ಯಾಂಕು, ಓಡಾಡುವ ಜಾಗ ಕಳೆದರೆ ಉಳಿದದ್ದು 380 ಚದರಡಿಯಷ್ಟು. ಡ್ರೋನ್ ತೆಗೆದ ಚಿತ್ರಗಳಿಂದ ಕಂಪ್ಯೂಟರು ಮೇಷ್ಟ್ರ ಡಾಬಾ, ಪಕ್ಕದ ಕಟ್ಟಡ, ಅವರ ನುಗ್ಗೆಮರ ಎಲ್ಲವನ್ನೂ ಎತ್ತರದ ಸಮೇತ ಗೊಂಬೆಮನೆಯ ಹಾಗೆ ಕಟ್ಟಿ, ವರ್ಷದ ಯಾವ ದಿನ ಎಲ್ಲಿಯವರೆಗೆ ನೆರಳು ಎಂದು ಬಣ್ಣ ಹಾಕಿ ತೋರಿಸಿತು. ಮೇಷ್ಟ್ರು ಕಾಗದದ ಮೇಲೆ ಹಾಕಿದ ಲೆಕ್ಕಕ್ಕೂ ಅದಕ್ಕೂ ಅರ್ಧ ಅಡಿಯ ವ್ಯತ್ಯಾಸ. ಅವರ ಮುಖ ಅರಳಿತು. ಮೂರು ಕಿಲೋವ್ಯಾಟು ಆರಾಮಾಗಿ ಹಿಡಿಸುತ್ತದೆ.

ನನಗೆ ಮಾತ್ರ ಆ ಪರದೆ ನೋಡುತ್ತಿದ್ದಂತೆ ಊರಿನ ಮನೆಯ ಮಾಡು ಕಣ್ಣೆದುರು ಬಂತು. ತಾರಸಿ ಅಳೆಯುವುದು ಸುಲಭ, ಇಳಿಜಾರಿನ ಮಾಡು ಅಳೆಯುವುದೇ ಕಷ್ಟ. ನಮ್ಮದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತು. ಮುಳಿಹುಲ್ಲು, ಸೋಗೆ ಹೋಗಿ ಕೆಂಪು ಬಂತು. ಹಂಚಿನ ಮಾಡನ್ನು ಆಗ ಅಳೆಯುತ್ತಿದ್ದದ್ದು ಹಂಚು ಎಣಿಸಿ. ಸೂರಿನ ಸಾಲಿನಲ್ಲಿ ಎಷ್ಟು, ಸೂರಿನಿಂದ ಮಾಡಿನ ನೆತ್ತಿಗೆ ಎಷ್ಟು ಸಾಲು, ಗುಣಿಸಿದರೆ ಮುಗಿಯಿತು. ಚದರ ಮೀಟರಿಗೆ ಸುಮಾರು ಹದಿನೈದು ಹಂಚು. ನೆಲದ ಮೇಲೆ ಟೇಪು ಹಿಡಿದು ಮಾಡಿನ ಲೆಕ್ಕ ಹೇಳಿದವರು ಯಾವಾಗಲೂ ಕಡಿಮೆ ಹೇಳುತ್ತಾರೆ. ಯಾಕೆ ಎಂದು ಮೇಷ್ಟ್ರು ಗೋಡೆಯ ಗಾರೆಯ ಮೇಲೆ ಇದ್ದಿಲಿನಲ್ಲಿ ತ್ರಿಕೋನ ಬರೆದು ತೋರಿಸಿದರು. ನೆಲದಲ್ಲಿ 20 ಅಡಿ, 30 ಅಡಿ, ಅಂದರೆ 600 ಚದರಡಿ. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ ಅದನ್ನು 0.866ರಿಂದ ಭಾಗಿಸಬೇಕು, 693 ಚದರಡಿ ಬರುತ್ತದೆ. 93 ಚದರಡಿಗೆ 130 ಹಂಚು. ಮಳೆ ಶುರುವಾದ ಮೇಲೆ 130 ಹಂಚು ಕಡಿಮೆ ಬಿದ್ದರೆ ಏನಾಗುತ್ತದೆ ಎಂಬುದು ಮಲೆನಾಡು, ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಹಂಚು ಎಣಿಸಲು ಒಬ್ಬರು ಹತ್ತಲೇಬೇಕಿತ್ತು. ನಮ್ಮ ಮನೆಗೆ ಪ್ರತಿವರ್ಷ ಮೇ ತಿಂಗಳ ಕೊನೆಗೆ ಹಂಚು ಕೈಯಾಡಿಸಲು ಬರುತ್ತಿದ್ದವರು ಒಬ್ಬರೇ. ಯಾವ ಪಕಾಸಿ ಗಟ್ಟಿ, ಯಾವ ರೀಪಿಗೆ ಗೆದ್ದಲು ಹಿಡಿದಿದೆ ಎಂಬುದು ಅವರ ಪಾದಕ್ಕೆ ಗೊತ್ತಿತ್ತು. ಒಂದು ವರ್ಷ ಪಕ್ಕದೂರಿನಲ್ಲಿ ಸಿಮೆಂಟ್ ಶೀಟಿನ ಕೊಟ್ಟಿಗೆಯ ಅಳತೆಗೆ ಹತ್ತಿದ್ದರು. ಹಳೇ ಶೀಟು, ಮೇಲೆ ಪಾಚಿ. ಕಾಲಿಟ್ಟ ಕಡೆ ಮುರಿಯಿತು. ಸೊಂಟ ಹೋದವರು ಮತ್ತೆ ಏಣಿ ಮುಟ್ಟಲಿಲ್ಲ. ಅಳತೆಗಾಗಿ ಹತ್ತಿದ್ದು, ಒಂದು ಸಂಖ್ಯೆ ಬರೆದುಕೊಂಡು ಬರಲು ಹತ್ತಿದ್ದು. ಇವತ್ತು ಅದೇ ಸಂಖ್ಯೆಯನ್ನು ಅಂಗಳದಲ್ಲಿ ನಿಂತುಕೊಂಡೇ ತೆಗೆಯಬಹುದು. ಡ್ರೋನಿನ ಬಗ್ಗೆ ಯಾರು ಏನೇ ಹೇಳಲಿ, ನನಗೆ ಈ ಒಂದೇ ಕಾರಣ ಸಾಕು.

ಇದನ್ನು ಹೇಳಿದಾಗ ಮೇಷ್ಟ್ರು ಒಂದು ಕತೆ ಹೇಳಿದರು, ನಡೆದದ್ದೇ. 1858ರಲ್ಲಿ ಜರ್ಮನಿಯ ವೆಟ್ಸ್‌ಲರ್ ಊರಿನ ದೊಡ್ಡ ಇಗರ್ಜಿಯನ್ನು ಅಳೆಯಲು ಮೈಡನ್‌ಬಾವರ್ ಎಂಬ ತರುಣ ಹತ್ತಿದ್ದ. ಮೇಲಿನ ಕಿಟಕಿಗೆ ದಾಟುವಾಗ ಜಾರಿ ಇನ್ನೇನು ಬೀಳಬೇಕಿತ್ತು, ಬದುಕಿಕೊಂಡ. ಕೈಯಿಂದ ಅಳೆಯುವ ಬದಲು ಫೋಟೊದಿಂದಲೇ ಯಾಕೆ ಅಳೆಯಬಾರದು ಎಂಬ ಯೋಚನೆ ಅವನಿಗೆ ಬಂದದ್ದು ಆಗ. ಫೋಟೊಗ್ರಾಮೆಟ್ರಿ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1867ರಲ್ಲಿ. ಮೇಷ್ಟ್ರ ಡಾಬಾದ ಮೇಲೆ ಹಾರಿದ್ದು ಅದೇ ವಿದ್ಯೆ. ವೆಟ್ಸ್‌ಲರಿನ ತರುಣನೂ ನಮ್ಮ ಹಂಚಿನವರೂ ಒಂದೇ ಕೆಲಸಕ್ಕೆ ಹತ್ತಿದವರು, ಒಬ್ಬರಿಗೆ ಅದೃಷ್ಟ ಇತ್ತು.

ಆ ವಿದ್ಯೆಯ ಗುಟ್ಟು ನಮ್ಮ ಎರಡು ಕಣ್ಣಿನದೇ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ದೂರ ತಿಳಿಯುವುದಿಲ್ಲ. ಡ್ರೋನ್ ಸಾಲು ಹಿಡಿದು ಉತ್ತ ಹಾಗೆ ಹೋಗಿ ಬರುತ್ತ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತದೆ. ಟ್ಯಾಂಕಿನ ಮುಚ್ಚಳ ಹತ್ತಾರು ಚಿತ್ರಗಳಲ್ಲಿ ಹತ್ತಾರು ಕೋನದಿಂದ ಕಾಣುತ್ತದೆ. ಆ ನೋಟಗಳೆಲ್ಲ ಎಲ್ಲಿ ಕೂಡುತ್ತವೋ ಅಲ್ಲಿ ಮುಚ್ಚಳ ಇದೆ. ಆದರೆ ಚಿತ್ರಕ್ಕೆ ಅಡಿ ಗೊತ್ತಿಲ್ಲ. ಗೊಂಬೆಮನೆಯೋ ಅರಮನೆಯೋ ಅದಕ್ಕೆ ಒಂದೇ. ಹಾಗಾಗಿ ಉಪಗ್ರಹದ ಸಂಕೇತದಿಂದ ಡ್ರೋನ್ ನಿಂತ ಸ್ಥಳವನ್ನು ನಿಖರವಾಗಿ ಹಿಡಿಯಬೇಕು, ಇಲ್ಲವೇ ನೆಲದ ಮೇಲೆ ಅಳೆದ ಗುರುತು ಇರಬೇಕು. ಹುಡುಗ ಡಾಬಾದ ನಾಲ್ಕು ಮೂಲೆಗೂ ಕಪ್ಪುಬಿಳುಪಿನ ಹಾಳೆ ಅಂಟಿಸಿ, ಅವುಗಳ ನಡುವಿನ ದೂರವನ್ನು ಟೇಪಿನಿಂದಲೇ ತೆಗೆದಿದ್ದ.

ನನ್ನ ಅಕ್ಕನನ್ನು ಕೊಟ್ಟದ್ದು ರಾಮನಗರದ ಕಡೆಯ ಹಳ್ಳಿಗೆ. ಅಲ್ಲಿ ಹಳ್ಳಿಯ ಮನೆಗಳನ್ನು ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆಯ ಡ್ರೋನ್ ಬರುವ ಮೊದಲು ಮನೆಮನೆಯವರೂ ತಮ್ಮ ಗಡಿಗೆ ಸುಣ್ಣದ ಗೆರೆ ಎಳೆದಿದ್ದರಂತೆ. 2020ರ ಏಪ್ರಿಲ್ 24ರಂದು ಆ ಯೋಜನೆ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಾರಿಸಿದ್ದು ಸರ್ವೆ ಆಫ್ ಇಂಡಿಯಾ. ಗೆರೆ ಎಳೆಯುವಾಗ ಅಕ್ಕ ಮತ್ತು ಅವಳ ಓರಗಿತ್ತಿ ಒಂದು ಬೆಳಿಗ್ಗೆ ಪೂರ್ತಿ ಮಾತಾಡಿದರಂತೆ. ಎರಡೂ ಮನೆಯ ಸೂರು ಒಂದಕ್ಕೊಂದು ತಾಗಿದೆ, ಮೇಲಿನಿಂದ ನೋಡಿದರೆ ಒಂದೇ ಮಾಡು. ಗೋಡೆ ಇರುವುದು ಸೂರಿಗಿಂತ ಎರಡಡಿ ಒಳಗೆ. ಸೂರಿನ ನೀರು ಯಾರ ಕಡೆ ಬೀಳಬೇಕೆಂಬುದು ಅತ್ತೆಯ ಕಾಲದಿಂದ ನಡೆದುಬಂದ ಒಪ್ಪಂದ, ಎಲ್ಲೂ ಬರೆದಿಟ್ಟದ್ದಲ್ಲ. ಡ್ರೋನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಚಿತ್ರ ಬಂದ ಮೇಲೆ ಅದನ್ನು ಹಿಡಿದು ಸರ್ವೆಯವರು ಮನೆಬಾಗಿಲಿಗೆ ಬಂದು, ಇಬ್ಬರನ್ನೂ ನಿಲ್ಲಿಸಿ ಕೇಳಿದರು. ಆಗ ಗೆರೆ ಗೋಡೆಗೆ ಬಂತು. ಡ್ರೋನ್ ಅಳೆಯುವುದು ಮಾಡನ್ನು, ಮನೆಯನ್ನಲ್ಲ. ತೆರಿಗೆಗೋ ಹಕ್ಕುಪತ್ರಕ್ಕೋ ಮಾಡಿನ ಅಳತೆಯನ್ನೇ ಮನೆಯ ಅಳತೆ ಎಂದು ಬರೆದುಕೊಂಡರೆ ಎರಡಡಿ ಸೂರು ಇಟ್ಟವರೆಲ್ಲ ಇಲ್ಲದ ಕೋಣೆಗೆ ಲೆಕ್ಕ ಕೊಡಬೇಕಾಗುತ್ತದೆ. ಬಾಗಿಲಿಗೆ ಬಂದು ಕೇಳುವ ಆ ಒಂದು ಹೆಜ್ಜೆಯನ್ನು ಎಷ್ಟೇ ಅವಸರವಿದ್ದರೂ ಬಿಡಬಾರದು.

ನನ್ನ ಮಗಳಿರುವುದು ವಿಶಾಖಪಟ್ಟಣದಲ್ಲಿ, ವಿಮಾನ ನಿಲ್ದಾಣದ ಸಮೀಪ. ಅವಳಿಗೂ ಸೋಲಾರಿನ ಆಸೆ. ಅಲ್ಲಿ ಡ್ರೋನ್ ಮಾತೇ ಇಲ್ಲ. ನಿಲ್ದಾಣವಿರುವುದು ನೌಕಾಪಡೆಯ ಐಎನ್‌ಎಸ್ ಡೇಗಾದಲ್ಲಿ, ಊರು ಪೂರ್ವ ನೌಕಾ ಕಮಾಂಡಿನ ಕೇಂದ್ರ. 2021ರ ಡ್ರೋನ್ ನಿಯಮದಲ್ಲಿ ದೇಶದ ಆಕಾಶಕ್ಕೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಂಚಿದ್ದಾರೆ. ಹಸಿರಲ್ಲಿ 400 ಅಡಿಯವರೆಗೆ ಹಾರಿಸಬಹುದು, ಉಳಿದೆರಡಕ್ಕೆ ಅನುಮತಿ ಬೇಕು. ಹಾಗಾಗಿ ಅವಳ ಮನೆಯನ್ನು ಅಳೆಯಲು ಬಂದವರು ಉಪಗ್ರಹದ ಚಿತ್ರ ಇಟ್ಟುಕೊಂಡು ಶುರುಮಾಡಿದರು. ಅದರ ತೊಂದರೆ ಬೇರೆ. ಉಪಗ್ರಹ ಓರೆಯಾಗಿ ನೋಡಿದಾಗ ಎತ್ತರದ ಕಟ್ಟಡ ವಾಲಿದಂತೆ ಬಿದ್ದು, ತಾರಸಿ ತನ್ನ ತಳದಿಂದ ಆಚೆ ಸರಿದಿರುತ್ತದೆ. ಅವಳ ಮನೆಯ ಒಂದು ಮೂಲೆ ಪಕ್ಕದ ಕಟ್ಟಡದ ಮರೆಗೆ ಹೋಗಿತ್ತು. 2019ರಲ್ಲಿ ಹಾರಿಸಿದ ನಮ್ಮ ಕಾರ್ಟೊಸ್ಯಾಟ್-3 ಉಪಗ್ರಹದ ಕಣ್ಣಿಗೆ 25 ಸೆಂಟಿಮೀಟರಿನ ಚೌಕ ಒಂದು ಚುಕ್ಕಿ. ಅಷ್ಟು ದೂರದಿಂದ ಅದೊಂದು ದೊಡ್ಡ ಸಾಧನೆ. ಆದರೂ ಒಂದು ಮಂಗಳೂರು ಹಂಚು ಅದರಲ್ಲಿ ಎರಡು ಚುಕ್ಕಿಯೂ ಆಗುವುದಿಲ್ಲ. ಸ್ವಾಮಿತ್ವದ ಡ್ರೋನಿನ 5 ಸೆಂಟಿಮೀಟರ್ ಚಿತ್ರದಲ್ಲಿ ಅದೇ ಹಂಚು ಸುಮಾರು 38 ಚುಕ್ಕಿ. ಕೊನೆಗೆ ಅಳಿಯನೇ ಟೇಪು ಹಿಡಿದು ತಾರಸಿಗೆ ಹತ್ತಿದ. ಅಲ್ಲಿ ಅದೇ ಸರಿ.

ವಿಶಾಖದ ಹೆಸರೆತ್ತಿದರೆ ಮೇಷ್ಟ್ರಿಗೆ ಆ ಕಡಲತೀರದ ಬೆಸ್ತರ ಚುಟ್ಟಿಲ್ಲುಗಳು ನೆನಪಾಗುತ್ತವೆ. ದುಂಡಗಿನ ಗೋಡೆ, ಶಂಕುವಿನಂಥ ತಾಳೆಗರಿಯ ಮಾಡು. ಗಾಳಿಗೆ ಹಿಡಿಯಲು ಮೂಲೆಯೇ ಇಲ್ಲದ ಮನೆ.

ಗಾಳಿ ಎಂದರೆ ಹುಡ್‌ಹುಡ್. 2014ರ ಅಕ್ಟೋಬರ್ 12, ಭಾನುವಾರ. ಆಗ ಮಗಳು ಹೊಸದಾಗಿ ಮದುವೆಯಾಗಿ ಆ ಊರಿಗೆ ಹೋಗಿದ್ದಳು. ಗಂಟೆಗೆ 180 ಕಿಲೋಮೀಟರು ಮೀರಿದ ಗಾಳಿಗೆ ವಿಮಾನ ನಿಲ್ದಾಣದ ಮಾಡೇ ಕಿತ್ತುಬಂದಿತ್ತು. ರೇಕುಲ ಮನೆಗಳ ಗತಿ ಹೇಳುವುದೇ ಬೇಡ. ಮಗಳ ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಎರಡು ಕೋಣೆಯ ಮನೆಯ ಶೀಟುಗಳು ಎಲ್ಲಿ ಹೋದವು ಎಂಬುದೇ ಸಿಗಲಿಲ್ಲ. ಪರಿಹಾರಕ್ಕೆ ಬರೆದುಕೊಳ್ಳಲು ಬಂದವರು ಕೇಳಿದರು, ಮಾಡು ಎಷ್ಟು ದೊಡ್ಡದಿತ್ತು? ಎಷ್ಟು ಶೀಟು? ಅವಳು ಕೈಚಾಚಿ ತೋರಿಸಿದಳು, ಇಲ್ಲಿಂದ ಅಲ್ಲಿಗೆ ಎಂದು. ಇದ್ದ ಮಾಡಿಗೆ ಸಾಕ್ಷಿ ಎಲ್ಲಿಂದ ತರುವುದು? ಒಂದು ಕೋಣೆಯದೇ ಲೆಕ್ಕ ಬಂತು. ಡ್ರೋನ್ ಹಾರಿಸಿ ನೋಡುವಂತೆಯೂ ಇರಲಿಲ್ಲ: ಆ ಚಂಡಮಾರುತಕ್ಕೆ ಐದು ದಿನ ಮೊದಲು, ಅಕ್ಟೋಬರ್ 7ರಂದು, ನಿಯಮ ರೂಪಿಸುವವರೆಗೆ ಸಾರ್ವಜನಿಕರು ಯಾರೂ ಡ್ರೋನ್ ಹಾರಿಸಬಾರದೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ ಪ್ರಕಟಣೆ ಹೊರಡಿಸಿತ್ತು.

ಹತ್ತು ವರ್ಷ ಕಳೆಯಿತು. 2024ರ ಸೆಪ್ಟೆಂಬರ್ 1ರಂದು ನಮ್ಮ ವಿಜಯವಾಡದಲ್ಲಿ ಬುಡಮೇರು ಉಕ್ಕಿತು. ಮೈಲವರಂ ಬೆಟ್ಟಗಳ ಕಡೆಯಿಂದ ಹರಿದು ಕೊಲ್ಲೇರು ಸರೋವರ ಸೇರುವ ಹಳ್ಳ ಅದು, ಬೇಸಿಗೆಯಲ್ಲಿ ನೋಡಿದರೆ ಯಾರೂ ಹೆದರುವುದಿಲ್ಲ. ದಂಡೆ ಒಡೆದು ಸಿಂಗ್ ನಗರ ಮುಳುಗಿತು. ಮರುದಿನ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11.43 ಲಕ್ಷ ಕ್ಯೂಸೆಕ್ಸು, ಬ್ಯಾರೇಜು ಕಟ್ಟಿದಂದಿನಿಂದ ಕಾಣದ ಪ್ರವಾಹ. ಮೇಷ್ಟ್ರ ತಂಗಿಯ ಮನೆ ಸಿಂಗ್ ನಗರದಲ್ಲಿ. ನೆಲಮಾಳಿಗೆ ತುಂಬಿ, ಕೆಳಮನೆ ತುಂಬಿ, ಏಳು ಜನ ಡಾಬಾ ಸೇರಿದರು. ಪಕ್ಕದ ರೇಕುಲ ಮನೆಯವರನ್ನೂ ಕೈಹಿಡಿದು ಎಳೆದುಕೊಂಡರು. ಮೂರು ರಾತ್ರಿ. ದೋಣಿ ಬರಲಾಗದ ಓಣಿ ಅದು. ಅನ್ನದ ಪೊಟ್ಟಣ, ನೀರಿನ ಬಾಟಲಿ, ಆ ತಂಗಿಯ ಬಿಪಿ ಮಾತ್ರೆ ಕೂಡ ಡ್ರೋನಿನಲ್ಲಿ ಬಂತು. ಡಾಬಾದ ಮೇಲೆ ತಂತಿ ಇಲ್ಲದ ಮೂಲೆ ಯಾವುದು, ಇಳಿಸಲು ಜಾಗ ಎಷ್ಟು ಎಂದು ಹಾರಿಸುವವರು ಮೇಲಿನಿಂದ ನೋಡಿ ನೋಡಿ ಇಳಿಸಿದರು. ಅದೇ ವರ್ಷದ ಅಕ್ಟೋಬರ್ 22ರಂದು ಪುನ್ನಮಿ ಘಾಟಿನಲ್ಲಿ 5,500 ಡ್ರೋನುಗಳು ಕೃಷ್ಣೆಯ ಮೇಲೆ ಬೆಳಕಿನ ಚಿತ್ರ ಬರೆದವು, ಗಿನ್ನೆಸ್ ದಾಖಲೆಯೂ ಆಯಿತು. ನಾವೆಲ್ಲ ಹೋಗಿ ನೋಡಿದೆವು, ಚೆನ್ನಾಗಿತ್ತು. ಮೇಷ್ಟ್ರ ತಂಗಿ ಬರಲಿಲ್ಲ. ತಾನು ನೋಡಬೇಕಾದ ಡ್ರೋನ್ ನೋಡಿಯಾಯಿತು ಎಂದಳು.

ಅವಳ ಪಕ್ಕದ ರೇಕುಲ ಮನೆಯವರ ಮಾತೇ ನನ್ನನ್ನು ಇನ್ನೂ ಕಾಡುತ್ತದೆ. ನೀರಿಳಿದ ಮೇಲೆ ಅವರೂ ವಿಶಾಖದ ಆ ಹೆಂಗಸಿನಂತೆ ಕೈಚಾಚಿ ನಿಂತಿದ್ದರು, ಇಲ್ಲಿಂದ ಅಲ್ಲಿಗೆ ಎಂದು. ಸೋಲಾರಿನವರಿಗೆ, ತೆರಿಗೆಯವರಿಗೆ, ಹಕ್ಕುಪತ್ರದವರಿಗೆ ನಮ್ಮ ಮಾಡಿನ ಅಳತೆ ಬೇಕು. ಅವರು ತೆಗೆದುಕೊಂಡು ಹೋಗುತ್ತಾರೆ. ಅದರ ಒಂದು ಪ್ರತಿ ಎಷ್ಟೋ ಸಲ ಮನೆಯವರ ಕೈಯಲ್ಲಿ ಇರುವುದಿಲ್ಲ. ಈ ಮಾತು ಬಂದಾಗ ಮೇಷ್ಟ್ರು ಏನೂ ಹೇಳದೆ ಒಳಗೆ ಹೋಗಿ, ಹುಡುಗನಿಗೆ ಫೋನ್ ಮಾಡಿ, ತಮ್ಮ ಡಾಬಾದ ಚಿತ್ರವನ್ನು ದಿನಾಂಕ, ಅಳತೆ ಸಮೇತ ತರಿಸಿಕೊಂಡರು. ಒಂದು ಪ್ರತಿಯನ್ನು ಮುದ್ರಿಸಿ ಮನೆಪತ್ರದ ಜೊತೆ ಇಟ್ಟರು, ಇನ್ನೊಂದನ್ನು ಮಗನಿಗೆ ಕಳಿಸಿದರು. ನಮ್ಮ ತಾರಸಿಯ ಅರ್ಧವೂ ಅದರಲ್ಲಿ ಬಂದಿತ್ತು, ಆ ಭಾಗವನ್ನು ನನಗೆ ಕೊಟ್ಟರು.

ನಿಮ್ಮ ಮನೆಯ ಮೇಲೆ ಯಾರಾದರೂ ಡ್ರೋನ್ ಹಾರಿಸಿ ಅಳೆದರೆ, ಆ ಚಿತ್ರದ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರದು ಶೀಟಿನ ಮನೆಯಾಗಿದ್ದರೆ, ಈ ಮಳೆಗಾಲಕ್ಕೆ ಮೊದಲು ಒಂದು ಟೇಪು ಹಿಡಿದು ಹೋಗಿ, ಉದ್ದ ಅಗಲ ಬರೆದು, ನಾಲ್ಕು ಕಡೆಯಿಂದ ಫೋಟೊ ತೆಗೆದು, ದಿನಾಂಕ ಹಾಕಿ ಅವರ ಕೈಗೆ ಕೊಡಿ.